ಸದನದಲ್ಲಿ ಇದ್ದ ಕಂಬಿ

ಅಥವಾ ಸೇತುವೆಯ ಕಂಬಿಗೆ ಬಳಿದದ್ದು ಹಳದಿ ಬಣ್ಣವೇ ಅಲ್ಲವೇನೋ. ಹಳದಿ, ಕಪ್ಪು, ಮತ್ತೆ ಹಳದಿ, ಮತ್ತೆ ಕಪ್ಪು ಎಂದು ಗೇಣು ಗೇಣಿಗೆ ಪಟ್ಟೆ ಹೊಡೆದದ್ದು ನನ್ನ ಕಣ್ಣ ಮುಂದಿದೆ. ಆದರೆ ಅಂಥ ಪಟ್ಟೆ ಭದ್ರಾವತಿ ರಸ್ತೆಯ ಡಿವೈಡರಿನ ಮೇಲೂ ಇದೆ, ನಾನು ವಾರಕ್ಕೆ ಎರಡು ಸಲ ಕಾಯುವ ರೈಲ್ವೆ ಗೇಟಿನ ಮೇಲೂ ಇದೆ. ಅಲ್ಲಿಂದ ಎತ್ತಿ ಇಲ್ಲಿಗೆ ಅಂಟಿಸಿಕೊಂಡಿರಬಹುದು. ಸಮಿತಿ ಬಂದ ದಿನ ಯಾರೋ ತೆಗೆದ ಒಂದು ಫೋಟೋದಲ್ಲಿ ಕಂಬಿ ಬೆಳ್ಳಗೆ ಕಾಣುತ್ತದೆ. ಬಿಸಿಲಿಗೆ ಹಾಗೆ ಕಂಡಿತೋ, ಇದ್ದದ್ದೇ ಬಿಳಿಯೋ. ಹಿಂದಿನ ದಿನ ಬಣ್ಣ ಬಳಿದಿದ್ದರು ಎಂಬುದಷ್ಟು ಖಾತ್ರಿ. ಅವತ್ತು ಒಬ್ಬರು ಕೆರೆದಾಗ ಅದು ಅವರ ಉಗುರಿನ ಸಂದಿಗೆ ಮೆತ್ತಿಕೊಂಡಿತು. ಯಾವ ಬಣ್ಣ ಮೆತ್ತಿಕೊಂಡಿತು ಎಂದು ಕೇಳಿದರೆ ಮತ್ತೆ ಮೊದಲಿಗೇ ಬರುತ್ತೇನೆ.

ಬಣ್ಣದಿಂದ ಏನೂ ವ್ಯತ್ಯಾಸವಾಗುವುದಿಲ್ಲ. ಬಣ್ಣವನ್ನೇ ನೆನಪಿಟ್ಟುಕೊಳ್ಳಲಾಗದವಳು ಉಳಿದದ್ದನ್ನು ಹೇಳಿದಾಗ ಎಷ್ಟು ನಂಬಬೇಕೆಂದು ಓದುವವರಿಗೆ ಮೊದಲೇ ಗೊತ್ತಿರಲಿ, ಅಷ್ಟೆ.

ನಾನು ಶಿವಮೊಗ್ಗದ ಒಂದು ಸರ್ಕಾರಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕಿ. ಮನೆ ದುರ್ಗಿಗುಡಿಯಲ್ಲಿ, ಕಚೇರಿಗೆ ನಡೆದೇ ಹೋಗುತ್ತೇನೆ. ನಾಲೆಗಳು, ನಾಲೆಗಳ ಏರಿ, ನಾಲೆಗಳನ್ನು ದಾಟುವ ಕಾಲುಸೇತುವೆಗಳು ನಮ್ಮ ಕಚೇರಿಯ ಪಾಲಿಗೆ ಬರುತ್ತವೆ. ನನ್ನ ಮೇಜಿನ ಪಾಲಿಗೆ ಬರುವುದು ಕಾಗದ. ವಿಧಾನಸಭೆಯಲ್ಲಿ ಯಾರಾದರೂ ಸದಸ್ಯರು ಈ ನಾಲೆಗಳ ಬಗ್ಗೆ ಪ್ರಶ್ನೆ ಕೇಳಿದರೆ ಅದು ಬೆಂಗಳೂರಿನಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿದು ನನ್ನ ಮೇಜಿಗೆ ಬರುತ್ತದೆ. ನಾನು ಉತ್ತರದ ಕರಡು ಬರೆಯುತ್ತೇನೆ. ಅದು ಅದೇ ಮೆಟ್ಟಿಲುಗಳನ್ನು ಹತ್ತಿ ಮಂತ್ರಿಗಳ ಕೈ ಸೇರುತ್ತದೆ. ಪ್ರತಿ ಮೆಟ್ಟಿಲಲ್ಲೂ ಒಂದು ಸಹಿ ಬೀಳುತ್ತದೆ. ಮೇಲೆ ಹೋದ ಹಾಗೆಲ್ಲ ಸಹಿ ದೊಡ್ಡದಾಗುತ್ತದೆ, ಓದುವ ಸಮಯ ಚಿಕ್ಕದಾಗುತ್ತದೆ. ಸರ್ಕಾರವನ್ನು ಸದನ ಪ್ರಶ್ನಿಸುವುದು ಎಂದರೆ ನನ್ನ ಮಟ್ಟಿಗೆ ಇದೇ: ಒಂದು ಕಾಗದ ಇಳಿಯುತ್ತದೆ, ಒಂದು ಕಾಗದ ಹತ್ತುತ್ತದೆ.

ಇದರ ನಡುವೆ ಪೆನ್ಸಿಲ್ ಒಂದಿದೆ. ಫೋನಿನಲ್ಲಿ ಕೇಳಿದ್ದನ್ನು ಕರಡಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟುಕೊಳ್ಳುವುದು ನಮ್ಮಲ್ಲಿ ನಾನು ಸೇರುವುದಕ್ಕೂ ಮುಂಚಿನ ರೂಢಿ. ಟೈಪಾಗಿರುವುದು ಕಚೇರಿ ಹೇಳುವ ಮಾತು, ಪೆನ್ಸಿಲಿನಲ್ಲಿರುವುದು ಕಚೇರಿಗೆ ಗೊತ್ತಿರುವ ಮಾತು. ಶುದ್ಧಪ್ರತಿ ಸಹಿಗೆ ಹೋದ ಮೇಲೆ ಕರಡಿನ ಅಂಚನ್ನು ರಬ್ಬರಿನಿಂದ ಅಳಿಸಿ ಕಡತಕ್ಕೆ ಹೊಲಿಯುತ್ತೇವೆ. ಯಾರೂ ಹೀಗೆ ಮಾಡಿ ಎಂದು ಆದೇಶ ಹೊರಡಿಸಿಲ್ಲ. ಯಾರೂ ಬೇಡ ಎಂದೂ ಹೇಳಿಲ್ಲ.

ಆ ಸಲ ಬಂದ ಪ್ರಶ್ನೆ ಭದ್ರಾವತಿ ತಾಲ್ಲೂಕಿನ ಕಾಲುಸೇತುವೆಗಳದ್ದು. ಐದು ಸೇತುವೆಗಳಿಗೆ ಪಕ್ಕದ ಕಂಬಿ ಇಲ್ಲದಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ, ಬಂದಿದ್ದರೆ ಕ್ರಮವೇನು. ನಾನು ಭದ್ರಾವತಿಯ ಎಂಜಿನಿಯರಿಗೆ ಫೋನು ಮಾಡಿದೆ. ಅವರು ಚಿಕ್ಕ ವಯಸ್ಸಿನವರು, ಯಾವಾಗಲೂ ಬೈಕಿನ ಮೇಲಿರುವವರ ದನಿ.

"ನಾಲ್ಕಕ್ಕೆ ಇನ್ನೂ ಎಸ್ಟಿಮೇಟೇ ಆಗಿಲ್ಲ ಮೇಡಂ. ಕಾಲೋನಿ ಹತ್ರ ಇರೋದಕ್ಕೆ ಪೈಪ್ ಬಂದು ಬಿದ್ದಿದೆ. ವೆಲ್ಡರ್ ಬರ್ಬೇಕು."

"ಯಾವಾಗ ಬರ್ತಾನೆ?"

"ಅವನ ತಂಗಿ ಮದ್ವೆ ಅಂತ ಕುಂಸಿಗೆ ಹೋಗಿದಾನೆ. ಸೋಮವಾರ ಬರ್ತೀನಿ ಅಂದಿದಾನೆ. ಒಂದಿನದ ಕೆಲ್ಸ."

ನಾನು ಅಂಚಿನಲ್ಲಿ ಬರೆದುಕೊಂಡೆ: ಪೈಪ್ ಸ್ಥಳದಲ್ಲಿದೆ, ವೆಲ್ಡರ್ ಕುಂಸಿ, ಸೋಮವಾರ. ಕರಡಿನಲ್ಲಿ 'ಕಾಮಗಾರಿ ಪ್ರಗತಿಯಲ್ಲಿದೆ' ಎಂದು ಟೈಪು ಮಾಡಿ ಸೂಪರಿಂಟೆಂಡೆಂಟರ ಮೇಜಿಗೆ ಕೊಂಡೊಯ್ದೆ. ಅವರು ಕನ್ನಡಕ ಹಣೆಗೇರಿಸಿ ಓದಿದರು.

"ಪ್ರಗತಿಯಲ್ಲಿದೆ ಅಂತ ಬರೆದ್ರೆ ಉಪಪ್ರಶ್ನೆ ಬರುತ್ತೆ ಮಾರಾಯ್ತಿ. ಎಷ್ಟು ಪ್ರಗತಿ, ಯಾಕೆ ತಡ, ಯಾರು ಹೊಣೆ. ಮಂತ್ರಿಗಳ ಹತ್ರ ಉತ್ತರ ಇರಲ್ಲ, ಅವರು ಸೆಕ್ರೆಟರಿ ಮುಖ ನೋಡ್ತಾರೆ, ಸೆಕ್ರೆಟರಿ ಚೀಫ್ ಮುಖ ನೋಡ್ತಾರೆ. ಕೊನೆಗೆ ನಿನ್ನ ಮುಖ ನೋಡ್ತಾರೆ."

"ಮತ್ತೆ ಏನಂತ ಬರೀಲಿ ಸಾರ್?"

"ಅಧಿವೇಶನಕ್ಕೆ ಇನ್ನೂ ಮೂರು ವಾರ ಇದೆ. ಇಷ್ಟು ವರ್ಷ ಆಯ್ತು, ಇನ್ನೂ ಕಲೀಲಿಲ್ವಾ? ನಾವು ಇವತ್ತಿಗೆ ಬರಿಯೋದಲ್ಲ, ಓದೋ ದಿನಕ್ಕೆ ಬರಿಯೋದು. ಪೂರ್ಣಗೊಂಡಿದೆ ಅಂತ ಹಾಕು."

"ಆಗದೇ ಇದ್ರೆ?"

"ಒಂದಿನದ ಕೆಲ್ಸ ಅಂತ ಅವನೇ ಅಂದಿದಾನಲ್ಲ. ನಿಂಗ್ಯಾಕೆ ಚಿಂತೆ, ಕಂಬಿ ನೀನು ಬೆಸೀತೀಯಾ?"

ಪಕ್ಕದ ಮೇಜಿನವರು ನಕ್ಕರು. ನಾನೂ ನಕ್ಕಿರಬೇಕು. ಓದುವ ದಿನಕ್ಕೆ ಬರೆಯುವುದು ತಪ್ಪೆಂದು ನಮ್ಮಲ್ಲಿ ಯಾರಿಗೂ ಅನ್ನಿಸುತ್ತಿರಲಿಲ್ಲ. ಹತ್ತರಲ್ಲಿ ಒಂಬತ್ತು ಸಲ ಕೆಲಸ ಆ ದಿನದೊಳಗೆ ಆಗಿಯೇ ಇರುತ್ತಿತ್ತು. ನಿಜ ಹೇಳಬೇಕೆಂದರೆ, ಸದನಕ್ಕೆ ಹೋಗುವ ಮಾತು ಎಂಬ ಭಯದಿಂದಲೇ ಎಷ್ಟೋ ಕೆಲಸ ಆಗುತ್ತಿತ್ತು. ಒಂಬತ್ತು ಸಲ ಎಂದು ಬರೆದೆ, ಎಣಿಸಿ ಹೇಳುತ್ತಿಲ್ಲ.

ಮಂತ್ರಿಗಳು ಅದನ್ನು ಓದಿದ ದಿನ ನಾನು ಮಧ್ಯಾಹ್ನ ಡಬ್ಬಿಯ ಮುಚ್ಚಳ ತೆರೆದಿಟ್ಟು ಮೊಬೈಲಿನಲ್ಲಿ ಕಲಾಪ ನೋಡುತ್ತಿದ್ದೆ. ಕಾಲೋನಿ ಸಮೀಪದ ಕಾಲುಸೇತುವೆಗೆ ಕಂಬಿ ಅಳವಡಿಸುವ ಕಾಮಗಾರಿ ಪೂರ್ಣಗೊಂಡಿದೆ ಎಂಬ ನನ್ನ ವಾಕ್ಯ ಅವರ ಬಾಯಿಂದ ಒಂದಕ್ಷರವೂ ಕೆಡದೆ ಬಂತು. ನನಗೆ ಸಣ್ಣ ಖುಷಿಯಾಯಿತು. ಇದು ಮಾತ್ರ ಸರಿಯಾಗಿ ನೆನಪಿದೆ. ಪ್ರಶ್ನೆ ಕೇಳಿದ ಸದಸ್ಯರು ಎದ್ದು, ಉಳಿದ ನಾಲ್ಕರ ಗತಿಯೇನು ಎಂದರು. ಮೂರು ತಿಂಗಳಲ್ಲಿ ಹಾಕಿಸಿಕೊಡುತ್ತೇವೆ ಎಂದರು ಮಂತ್ರಿಗಳು. ಹಾಗೆ ಸದನದಲ್ಲಿ ಕೊಟ್ಟ ಮಾತನ್ನು ಭರವಸೆ ಎಂದು ಬರೆದಿಟ್ಟುಕೊಂಡು, ಅದು ಈಡೇರಿತೋ ಇಲ್ಲವೋ ಎಂದು ನೋಡುವುದಕ್ಕೆ ಶಾಸಕರದೇ ಒಂದು ಸಮಿತಿಯಿದೆ. ಅದರ ಪಟ್ಟಿಗೆ ಆ ನಾಲ್ಕು ಸೇತುವೆಗಳು ಸೇರಿದವು. ಐದನೆಯದು ಸೇರಲಿಲ್ಲ. ಅದು ಆಗಿಹೋಗಿತ್ತಲ್ಲ.

ವೆಲ್ಡರ್ ಸೋಮವಾರ ಬರಲಿಲ್ಲ. ಕುಂಸಿಯಲ್ಲೇ ಯಾರದೋ ಗೋಡೌನಿನ ಕೆಲಸ ಹಿಡಿದನಂತೆ. ಆಮೇಲೆ ಮಳೆ ಹಿಡಿಯಿತು. ಪೈಪುಗಳು ನಾಲೆಯ ಏರಿಯ ಮೇಲೆ ಬಿದ್ದಿದ್ದವು. ಅವುಗಳ ಮೇಲೆ ಹುಡುಗರು ಕೂತು ಮೊಬೈಲ್ ನೋಡುತ್ತಿದ್ದರು ಎಂದು ಆಮೇಲೆ ಒಬ್ಬರು ಹೇಳಿದರು. ನಾನು ಆ ಸೇತುವೆಯನ್ನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ.

ಗಣಪತಿ ಹಬ್ಬ ಮುಗಿದಿತ್ತು, ದಸರೆ ಇನ್ನೂ ಬಂದಿರಲಿಲ್ಲ. ಒಂದು ಬೆಳಿಗ್ಗೆ ಆ ಸೇತುವೆಯಿಂದ ಒಬ್ಬ ಹುಡುಗಿ ನಾಲೆಯ ನೀರಿಗೆ ಹೋದಳು. ಇಪ್ಪತ್ತೆರಡು ವರ್ಷ. ಶಿವಮೊಗ್ಗದಲ್ಲಿ ಕೆಲಸ, ಏಳೂವರೆಯ ಬಸ್ಸು ಹಿಡಿಯಲು ದಿನವೂ ಆ ಸೇತುವೆ ದಾಟುತ್ತಿದ್ದಳು. ಹಿಂದಿನ ದಿನ ಜಿನುಗು ಮಳೆಯಾಗಿತ್ತು. ನೀರಿಗೆ 'ಹೋದಳು' ಎಂದೇ ಬರೆಯುತ್ತೇನೆ. ಬೇರೆ ಎರಡು ಕ್ರಿಯಾಪದಗಳಿವೆ. ಅವೆರಡರ ನಡುವಿನ ಜಗಳವೇ ಮುಂದಿನದೆಲ್ಲ.

ಅವಳು ಕೆಲಸ ಮಾಡುತ್ತಿದ್ದದ್ದು ದುರ್ಗಿಗುಡಿಯ ಒಂದು ಔಷಧದ ಅಂಗಡಿಯಲ್ಲಿ. ನಮ್ಮ ಮನೆಯಿಂದ ಮೂರನೆಯ ತಿರುವು. ನಾನು ಅಲ್ಲಿಂದ ಮಾತ್ರೆ ತಂದಿದ್ದೇನೆ. ಅಲ್ಲಿ ಇಬ್ಬರು ಹುಡುಗಿಯರಿದ್ದರು, ಒಬ್ಬಳು ಚೀಟಿ ಓದಿ ಮಾತ್ರೆ ತೆಗೆಯುತ್ತಿದ್ದಳು, ಒಬ್ಬಳು ಕವರಿಗೆ ಹಾಕುತ್ತಿದ್ದಳು. ಇವಳು ಅವರಲ್ಲಿ ಯಾರು ಎಂದು ಗೊತ್ತಿಲ್ಲ. ಈಗ ನೆನಪಿಸಿಕೊಳ್ಳಲು ಹೋದರೆ ಎರಡೂ ಮುಖಗಳು ಸೇರಿ ಒಂದಾಗುತ್ತವೆ. ನನಗೆ ಅಳು ಬರಲಿಲ್ಲ. ಆ ವಾರ ಬೇರೆ ಅಂಗಡಿಗೆ ಹೋದೆ, ಆಮೇಲೆ ಮತ್ತೆ ಅಲ್ಲಿಗೇ ಹೋದೆ, ಹತ್ತಿರ ಎಂದು.

ಎರಡು ದಿನದಲ್ಲಿ ಪೊಲೀಸ್ ಠಾಣೆಯಿಂದ ಪತ್ರ ಬಂತು. ಸದರಿ ಸೇತುವೆಗೆ ಕಂಬಿ ಇತ್ತೇ, ಇದ್ದರೆ ಎಷ್ಟು ಎತ್ತರ. ನಾನು ಪತ್ರ ಹಿಡಿದು ಸೂಪರಿಂಟೆಂಡೆಂಟರ ಮುಂದೆ ನಿಂತೆ. ಅವರು ತುಂಬ ಹೊತ್ತು ಫ್ಯಾನು ನೋಡುತ್ತಿದ್ದರು.

"ನಾವಾಗಿ ಏನೂ ಹೇಳೋದು ಬೇಡ. ಸದನಕ್ಕೆ ಕೊಟ್ಟಿರೋ ಉತ್ತರದ ಪ್ರತಿ ಲಗತ್ತಿಸು. ಎಸ್ಟಿಮೇಟಲ್ಲಿ ಎತ್ತರ ಎಷ್ಟಿದೆಯೋ ಅದನ್ನ ಬರಿ."

ಮೂರೂವರೆ ಅಡಿ ಎಂದು ಬರೆದೆ. ಪ್ರತಿ ಲಗತ್ತಿಸಿದೆ. ಪಿನ್ನು ಚುಚ್ಚುವಾಗ ಬೆರಳಿಗೆ ಚುಚ್ಚಿಕೊಂಡಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಚುಚ್ಚಿಕೊಳ್ಳಲಿಲ್ಲ.

ಅದೇ ವಾರ ಎಂಜಿನಿಯರ್ ಫೋನು ಮಾಡಿದರು. ಬೈಕಿನ ಸದ್ದು ಇರಲಿಲ್ಲ. "ವೆಲ್ಡರ್ ಬಂದ ಮೇಡಂ. ಇವತ್ತು ಹಾಕಿ ಮುಗಿಸಿದ್ವಿ." ಸರಿ ಎಂದೆ. ಅಭ್ಯಾಸಬಲ, ಕಡತ ತೆಗೆದು ಅದೇ ಹಳೆಯ ಕರಡಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೆ: ಇವತ್ತು ಮುಗಿದಿದೆ. ಕೆಳಗೆ ತಾರೀಖು.

ಅಪ್ಪ ಬಂದದ್ದು ದಸರೆ ಕಳೆದ ಮೇಲೆ. ಹುಡುಗಿಯ ಅಪ್ಪ. ಭದ್ರಾವತಿಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಮನೆಯ ಮಾತು ತಮಿಳು. ಇಸ್ತ್ರಿ ಮಾಡಿದ ತೋಳುದ್ದದ ಅಂಗಿ. ಪ್ಲಾಸ್ಟಿಕ್ ಕವರಿನೊಳಗೆ ಸದನದ ಉತ್ತರದ ಪ್ರಿಂಟು, ನನ್ನ ವಾಕ್ಯದ ಕೆಳಗೆ ಸ್ಕೇಲಿಟ್ಟು ಎಳೆದ ಗೆರೆ. ಅದನ್ನು ಸೂಪರಿಂಟೆಂಡೆಂಟರ ಮೇಜಿನ ಮೇಲೆ, ಅವರಿಗೆ ಓದಲು ನೇರವಾಗುವಂತೆ ತಿರುಗಿಸಿ ಇಟ್ಟರು.

"ಇದರಿಂದ ಸ್ಟೇಷನಲ್ಲಿ ಕೇಸ್ ಮುಚ್ಚಿದಾರೆ ಸಾರ್. ಮೂರೂವರೆ ಅಡಿ ಕಂಬಿ ಇದ್ರೆ ಯಾರೂ ಬೀಳಕ್ಕಾಗಲ್ಲ, ಹತ್ತಿ ಹಾರಿರ್ಬೇಕು ಅಂತ. ಹಾರಿದಾಳೆ ಅಂದ್ಮೇಲೆ ಯಾಕೆ ಹಾರಿದ್ಲು ಅಂತ ಕಾಲೋನಿಯವ್ರು ಒಂದೊಂದು ಕತೆ ಕಟ್ತಾರೆ. ಯಾವನೋ ಹುಡುಗ ಅಂತಾರೆ. ನಮ್ಮ ಮನೆಯವಳು ನಲ್ಲಿ ಹತ್ರಾನೂ ಹೋಗಲ್ಲ ಈಗ."

"ಕೂತ್ಕೊಳಿ ಮೊದ್ಲು. ಟೀ ಹೇಳ್ಲಾ?"

"ಬೇಡ ಸಾರ್. ನಂಗೆ ಪರಿಹಾರ ಗಿರಿಹಾರ ಏನೂ ಬೇಡ. ಅವತ್ತು ಕಂಬಿ ಇರ್ಲಿಲ್ಲ ಅಂತ ಒಂದು ಲೈನ್ ಬರ್ಕೊಡಿ. ಸೀಲ್ ಹಾಕಿ."

ಸೂಪರಿಂಟೆಂಡೆಂಟರು ಕೆಟ್ಟವರಲ್ಲ. ಆ ಗೆರೆಯನ್ನೇ ನೋಡುತ್ತಾ ಮೆಲ್ಲಗೆ ಹೇಳಿದರು. "ಇದು ನಮ್ಮ ಕಚೇರಿ ಮಾತಾಗಿದ್ರೆ ಇವತ್ತೇ ತಿದ್ದಿ ಕೊಡ್ತಿದ್ದೆ. ಇದು ಸದನದ ಮಾತು. ಮಂತ್ರಿಗಳು ಸದನಕ್ಕೆ ಸುಳ್ಳು ಹೇಳಿದಾರೆ ಅಂದ್ರೆ ಹಕ್ಕುಚ್ಯುತಿ ಆಗುತ್ತೆ. ತಿದ್ದಬೇಕು ಅಂದ್ರೆ ಮಂತ್ರಿಗಳೇ ಎದ್ದುನಿಂತು ತಿದ್ದಬೇಕು. ಇಲ್ಲಿಂದ ಅಲ್ಲಿವರೆಗೆ ಏಳು ಜನ ಸಹಿ ಹಾಕಿದಾರೆ. ಏಳು ಜನಾನೂ ನಾನು ನೋಡದೆ ಸಹಿ ಹಾಕ್ದೆ ಅಂತ ಬರ್ಕೊಡ್ಬೇಕು. ಯಾರು ಬರ್ಕೊಡ್ತಾರೆ ಹೇಳಿ."

ಆ ಮನುಷ್ಯ ಪ್ರಿಂಟನ್ನು ಮತ್ತೆ ಕವರಿನೊಳಗೆ ಹಾಕಿದರು. ಮಡಿಕೆ ಬೀಳದಂತೆ, ನಿಧಾನಕ್ಕೆ.

"ಹಂಗಾದ್ರೆ ಸದನದ ಮಾತು ಸುಳ್ಳಾಗ್ಬಾರ್ದು ಅಂತ ನನ್ ಮಗಳು ಹಾರ್ಬೇಕಾ ಸಾರ್?"

ಪಕ್ಕದ ಮೇಜಿನವರು ಡ್ರಾಯರ್ ತೆರೆದು ಮುಚ್ಚಿದರು.

ಈಗ ಯೋಚಿಸಿದರೆ ವಿಚಿತ್ರವೆನ್ನಿಸುತ್ತದೆ, ಆಗ ಅನ್ನಿಸಲಿಲ್ಲ. ಸದನಕ್ಕೆ ಯಾರೂ ಹೆದರದೇ ಇದ್ದಿದ್ದರೆ ಅವತ್ತೇ ಆ ಒಂದು ಸಾಲು ಬರೆದುಕೊಟ್ಟು ಕಳಿಸುತ್ತಿದ್ದರು. ಸರ್ಕಾರ ತನಗೆ ಸುಳ್ಳು ಹೇಳಬಾರದೆಂದು ಸದನ ಕಟ್ಟಿದ ಬೇಲಿ ಎಷ್ಟು ಗಟ್ಟಿಯಿತ್ತೆಂದರೆ, ಒಳಗೆ ನುಗ್ಗಿದ ಸುಳ್ಳಿಗೂ ಹೊರಗೆ ಬರಲು ದಾರಿಯಿರಲಿಲ್ಲ. ಹೀಗೆ ಬರೆಯುವಾಗ ನನಗೆ ಏನೋ ಅರ್ಥವಾದಂತೆ ತೋರುತ್ತದೆ. ಆದರೆ ಅವತ್ತು ನಾನು ಮಾಡಿದ್ದು ಇಷ್ಟೆ: ಮುಂದಿನ ಕಾಗದ ತೆಗೆದುಕೊಂಡೆ.

ಅಥವಾ ಅವರ ಹಿಂದೆ ಮೆಟ್ಟಿಲಿನವರೆಗೆ ಹೋಗಿ, ಭರವಸೆಗಳ ಸಮಿತಿ ಬೇಸಿಗೆಯ ಹೊತ್ತಿಗೆ ಭದ್ರಾವತಿಗೆ ಬರುತ್ತದೆ, ಸೇತುವೆ ಹತ್ತಿರವೇ ನಿಂತಿರಿ ಎಂದು ಹೇಳಿದೆ. ನಾನೇ ಹೇಳಿದ್ದು ಎಂದು ಬಹಳ ದಿನ ನಂಬಿದ್ದೆ. ಆಮೇಲೆ ನಮ್ಮ ಅಟೆಂಡರ್ ಯಾರಿಗೋ ಹೇಳುತ್ತಿದ್ದ, "ಆ ಯಪ್ಪಂಗೆ ಕಮಿಟಿ ಬರೋದು ಹೇಳಿದ್ದು ನಾನೇ ಕಣ್ರೀ." ಅವನ ದನಿಯಲ್ಲಿ ಅನುಮಾನವಿರಲಿಲ್ಲ. ನನ್ನದರಲ್ಲಿ ಇದೆ. ಹಾಗಾಗಿ ಅದನ್ನು ಅವನಿಗೇ ಬಿಟ್ಟಿದ್ದೇನೆ.

ಸಮಿತಿ ಬಂತು. ಅದಕ್ಕೆ ಮುಂಚೆ ಹದಿನೈದು ದಿನ ಕಚೇರಿಯಲ್ಲಿ ಬೇರೆ ಕೆಲಸವೇ ನಡೆಯಲಿಲ್ಲ. ಯಾರಿಗೆ ಸಕ್ಕರೆ ಹಾಕದ ಕಾಫಿ, ಯಾರಿಗೆ ಮೊಣಕಾಲು ನೋವು, ಯಾರು ಅಕ್ಕಿರೊಟ್ಟಿಯನ್ನೇ ಕೇಳುತ್ತಾರೆ ಎಂದು ಪಟ್ಟಿ ಮಾಡಿದೆವು. ಬೆಳಿಗ್ಗೆ ಸೇತುವೆಗಳ ಪರಿಶೀಲನೆ, ಮಧ್ಯಾಹ್ನ ಊಟ, ಆಮೇಲೆ ತ್ಯಾವರೆಕೊಪ್ಪದ ಸಫಾರಿಯಲ್ಲಿ ಸಿಂಹ, ಹುಲಿ. ಭರವಸೆ ಕೊಟ್ಟಿದ್ದ ನಾಲ್ಕಕ್ಕೂ ಅಷ್ಟರಲ್ಲಿ ಕಂಬಿ ಬಂದಿತ್ತು. ಅದನ್ನು ಹೇಳಲೇಬೇಕು. ಹಾಕಿಸುತ್ತೇವೆ ಎಂದು ಸದನದಲ್ಲಿ ಹೇಳಿದ್ದು ಆಯಿತು. ಆಗಿದೆ ಎಂದು ಹೇಳಿದ್ದು ಆಗಿರಲಿಲ್ಲ.

ನಾನು ಕಡತಗಳ ಚೀಲ ಹಿಡಿದು ಹಿಂದಿನ ಜೀಪಿನಲ್ಲಿದ್ದೆ. ನಾಲ್ಕು ಸೇತುವೆ ನೋಡುವುದಕ್ಕೆ ಒಂದು ಗಂಟೆಯೂ ಹಿಡಿಯಲಿಲ್ಲ. ಅಧ್ಯಕ್ಷರು ಪ್ರತಿ ಕಂಬಿಯನ್ನೂ ಕೈಯಿಂದ ಹಿಡಿದು ಅಲ್ಲಾಡಿಸಿ ನೋಡಿದರು. ವಯಸ್ಸಾದ ಶಾಸಕರು, ಮೊಣಕಾಲು ನೋವಿನವರು ಇವರೇ. ಕಾಟಾಚಾರಕ್ಕೆ ಅಲ್ಲಾಡಿಸುತ್ತಿರಲಿಲ್ಲ. ಒಂದು ಕಡೆ ಬೋಲ್ಟ್ ಸಡಿಲವಿದೆ ಎಂದು ಬರೆಸಿದರು. ಐದನೆಯ ಸೇತುವೆ ಪಟ್ಟಿಯಲ್ಲಿರಲಿಲ್ಲ, ದಾರಿಯಲ್ಲಿತ್ತು. ಅಲ್ಲಿ ಆ ಮನುಷ್ಯ ನಿಂತಿದ್ದರು. ಅಧ್ಯಕ್ಷರು ಕಾರು ನಿಲ್ಲಿಸಿ ಇಳಿದರು.

ನಾನು ಆ ಸೇತುವೆ ನೋಡಿದ್ದು ಅವತ್ತೇ ಮೊದಲು. ಎರಡು ಆಳು ಅಗಲ. ಕೆಳಗೆ ನಾಲೆಯಲ್ಲಿ ನೀರು ಬಿಟ್ಟಿರಲಿಲ್ಲ, ತಳದ ಕೆಸರು ಒಣಗಿ ಬಿರಿದಿತ್ತು. ಬಣ್ಣದ ವಾಸನೆ ಇತ್ತು.

ಹುಡುಗಿಯ ಅಪ್ಪ ನಮಸ್ಕಾರ ಮಾಡಿ, ಜೇಬಿನಿಂದ ಉಕ್ಕಿನ ಟೇಪು ತೆಗೆದು ಕಂಬಿಗೆ ಹಿಡಿದರು.

"ಮೂರೂವರೆ ಅಡಿ ಸಾರ್. ನೀವೇ ನೋಡಿ. ನನ್ ಮಗಳು ಐದಡಿ ಒಂದಿಂಚು. ಇಷ್ಟು ಕಂಬಿ ಇದ್ರೆ ಬೀಳಲ್ಲ ಅಂತ ಪೊಲೀಸಿನವ್ರು ಹೇಳ್ತಾರೆ. ನಾನೂ ಅದನ್ನೇ ಹೇಳ್ತಿರೋದು. ಇಷ್ಟು ಕಂಬಿ ಇದ್ದಿದ್ರೆ ಬೀಳ್ತಿರ್ಲಿಲ್ಲ."

"ಅವತ್ತು ಇರ್ಲಿಲ್ಲ ಅಂತೀರಿ."

"ಇರ್ಲಿಲ್ಲ ಸಾರ್. ನಿಮ್ ಪೇಪರ್ ಪ್ರಕಾರ ಇದು ಪೂರ್ತಿ ಒಂದು ಮಳೆಗಾಲ ನೆಂದಿರ್ಬೇಕು. ನಾನು ಮೂವತ್ತು ವರ್ಷ ಫಿಟ್ಟರ್. ಕಬ್ಬಿಣ ಸುಳ್ಳು ಹೇಳಲ್ಲ." ಅವರು ಒಂದು ನಾಣ್ಯ ತೆಗೆದು, ಪೈಪೂ ಪೈಪೂ ಸೇರುವ ಕಡೆ ಬಣ್ಣ ಕೆರೆಯತೊಡಗಿದರು. ನಾಣ್ಯ ಜಾರಿದಾಗ ಉಗುರಿನಿಂದ ಕೆರೆದರು. "ಬೆಸುಗೆ ನೋಡಿ. ಮಳೇಲಿ ನೆಂದ ಬೆಸುಗೆ ಹಿಂಗೆ ಬೂದಿ ಬಣ್ಣ ಇರಲ್ಲ, ಕೆಂಪಗೆ ಹಿಡಿದು ಒಳಗೆ ತಿಂದಿರುತ್ತೆ. ಇದು ಮಳೆ ಹೋದ್ಮೇಲೆ ಬೆಸೆದಿದ್ದು."

ಎಂಜಿನಿಯರ್ ಒಂದು ಹೆಜ್ಜೆ ಮುಂದೆ ಬಂದರು. "ಆಗಲೇ ಪ್ರೈಮರ್ ಹೊಡೆದಿತ್ತು ಸಾರ್. ಅದಕ್ಕೆ ತುಕ್ಕಿಲ್ಲ."

"ಪ್ರೈಮರ್ ಎಲ್ಲಿ ತಂಬಿ? ನಿನ್ನೆ ಹೊಡೆದ ಬಣ್ಣದ ಕೆಳಗೆ ಬರೀ ಕಬ್ಬಿಣ ಇದೆ. ಬಾ, ನೀನೇ ಕೆರೆದು ನೋಡು."

ಎಂಜಿನಿಯರ್ ಕೆರೆಯಲಿಲ್ಲ. ಅಧ್ಯಕ್ಷರು ಬಾಗಿ, ಕನ್ನಡಕ ಸರಿಮಾಡಿಕೊಂಡು ಆ ಬೆಸುಗೆಯನ್ನು ತುಂಬ ಹೊತ್ತು ನೋಡಿದರು. ಆಮೇಲೆ ನೆಟ್ಟಗೆ ನಿಂತು ನನ್ನ ಕಡೆ ತಿರುಗಿದರು. ಕಡತದ ಚೀಲ ನನ್ನ ಹೆಗಲಲ್ಲಿತ್ತು.

"ಯಾವಾಗ ಹಾಕಿದ್ದು ಅಂತ ಫೈಲ್ ಏನು ಹೇಳುತ್ತಮ್ಮ?"

ಇಲ್ಲಿಗೆ ಬಂದಾಗಲೆಲ್ಲ ನನ್ನ ನೆನಪು ಒಂದಕ್ಕಿಂತ ಹೆಚ್ಚಾಗುತ್ತದೆ. ಒಂದರಲ್ಲಿ ನಾನು ಕಡತ ತೆರೆಯದೆಯೇ, ಸದನಕ್ಕೆ ಉತ್ತರ ಕೊಡುವ ಮೊದಲೇ ಎಂದಿದೆ ಸಾರ್, ಎನ್ನುತ್ತೇನೆ. ದನಿ ಸಹಜವಾಗಿದೆ, ಬಸ್ಸಿನಲ್ಲಿ ಸ್ಟಾಪು ಹೇಳುವವಳ ಹಾಗೆ. ಇನ್ನೊಂದರಲ್ಲಿ ಕಡತ ತೆರೆದು, ಕರಡಿನ ಅಂಚು ತೋರಿಸಿ, ಪೆನ್ಸಿಲಿನಲ್ಲಿ ಬೇರೆ ತಾರೀಖಿದೆ ಸಾರ್, ಎನ್ನುತ್ತೇನೆ. ಇದರಲ್ಲಿ ಗಾಳಿ ಬೀಸಿ ಹಾಳೆ ಮಗುಚುತ್ತದೆ, ಹಾಗಾಗಿ ಇದರ ಮೇಲೆ ನನಗೆ ಅನುಮಾನ. ಅವತ್ತು ಗಾಳಿಯೇ ಇರಲಿಲ್ಲ, ಫೋಟೋದಲ್ಲಿ ಅಧ್ಯಕ್ಷರ ಶಲ್ಯ ನೆಟ್ಟಗೆ ಇಳಿಬಿದ್ದಿದೆ. ಮೂರನೆಯದರಲ್ಲಿ ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಸೂಪರಿಂಟೆಂಡೆಂಟರು ಉತ್ತರ ಕೊಡುತ್ತಾರೆ. ಇದು ನನಗೆ ಎಲ್ಲಕ್ಕಿಂತ ಅನುಕೂಲದ್ದು. ಅದಕ್ಕೇ ಇದನ್ನು ನಂಬಲು ಹೆದರಿಕೆ.

ಅದಾದ ಮೇಲೆ ಅಧ್ಯಕ್ಷರು ಹೇಳಿದ್ದು ಎಲ್ಲರೂ ಕೇಳಿದ ಮಾತು, ಅದರಲ್ಲಿ ಗೊಂದಲವಿಲ್ಲ.

"ನೋಡಪ್ಪ, ನಿನ್ನ ಮಾತು ಸುಳ್ಳು ಅಂತ ನಾನು ಹೇಳಲ್ಲ. ನಮ್ಮ ಸಮಿತಿ ನೋಡೋದು ಭರವಸೆ. ಮಂತ್ರಿಗಳು ಹಾಕಿಸ್ತೀವಿ ಅಂದಿದ್ದು ಆ ನಾಲ್ಕು. ಇದು ಆಗಿದೆ ಅಂತ ಹೇಳಿರೋದು. ಆಗಿದೆ ಅನ್ನೋದು ಭರವಸೆ ಅಲ್ಲ, ಮಾಹಿತಿ. ಮಾಹಿತಿ ತಪ್ಪಿದ್ರೆ ಅದನ್ನ ನೋಡೋದು ಬೇರೆ ಸಮಿತಿ."

"ಆ ಸಮಿತಿ ಯಾವಾಗ ಬರುತ್ತೆ ಸಾರ್?"

"ಅದು ಬರಲ್ಲ. ಅಲ್ಲಿಗೆ ಸದಸ್ಯರೊಬ್ಬರ ಮೂಲಕ ಬರ್ಕೋಬೇಕು."

"ನಮ್ ಕಡೆ ಸದಸ್ಯರು ಪ್ರಶ್ನೆ ಕೇಳಿದ್ರಲ್ಲ ಸಾರ್, ಅದಕ್ಕೇ ಈ ಉತ್ತರ ಬಂದಿದ್ದು."

ಅಧ್ಯಕ್ಷರು ಅವರ ಹೆಗಲ ಮೇಲೆ ಕೈಯಿಟ್ಟರು. ಅವರು ಬರೆದು ತಂದಿದ್ದ ಅರ್ಜಿ ಇಸಿದುಕೊಂಡು, ಮಡಚಿ, ಸ್ವಂತ ಜೇಬಿಗೇ ಹಾಕಿಕೊಂಡರು. ಸಹಾಯಕನ ಕೈಗೆ ಕೊಡಲಿಲ್ಲ. ಅದರ ಅರ್ಥ ಒಳ್ಳೆಯದಿರಬಹುದು. ಕಾರುಗಳು ಹೊರಟವು.

ತ್ಯಾವರೆಕೊಪ್ಪದಲ್ಲಿ ಸಿಂಹ ಮಲಗಿತ್ತು. ಎಲ್ಲರೂ ಸಫಾರಿ ಬಸ್ಸು ಹತ್ತಿ ಹೋದ ಮೇಲೆ ನಾನು ಜೀಪಿನಲ್ಲಿ ಕೂತು ಕಡತ ತೆರೆದೆ. ಕರಡಿನ ಅಂಚು ನೋಡಿದೆ. ಅಲ್ಲಿ ಏನೋ ಇತ್ತು. ಬರಹವೋ, ಅಳಿಸಿದ ಬರಹದ ಹಳ್ಳವೋ. ಬೆಳಕಿಗೆ ಓರೆಯಾಗಿ ಹಿಡಿದರೆ ಗೊತ್ತಾಗುತ್ತಿತ್ತು. ಹಿಡಿದೆನೋ ಇಲ್ಲವೋ. ಡ್ರೈವರ್ ಬಂದು, "ಊಟ ಖಾಲಿ ಆಗುತ್ತೆ ಮೇಡಂ, ಬನ್ನಿ," ಎಂದ. ಕಡತ ಮುಚ್ಚಿ ಹೋದೆ. ಅಕ್ಕಿರೊಟ್ಟಿ ಉಳಿದಿತ್ತು.

ಸಮಿತಿಯ ವರದಿ ಎಷ್ಟೋ ತಿಂಗಳ ಮೇಲೆ ಬಂತು. ನಾಲ್ಕು ಭರವಸೆಗಳು ಈಡೇರಿವೆ, ಪಟ್ಟಿಯಿಂದ ಕೈಬಿಡಲಾಗಿದೆ. ಒಂದು ಬೋಲ್ಟ್ ಬಿಗಿಗೊಳಿಸಲು ಸೂಚಿಸಲಾಗಿದೆ. ಐದನೆಯದರ ಬಗ್ಗೆ ಒಂದೇ ಸಾಲು: ಕಾಲೋನಿ ಸಮೀಪದ ಸೇತುವೆಯನ್ನೂ ಸಮಿತಿ ವೀಕ್ಷಿಸಿತು, ಕಾಮಗಾರಿ ಈ ಹಿಂದೆಯೇ ಪೂರ್ಣಗೊಂಡಿರುವುದಾಗಿ ಅಧಿಕಾರಿಗಳು ತಿಳಿಸಿದರು. ಅಧಿಕಾರಿಗಳು ಎಂಬಲ್ಲಿ ಯಾರು ಬೇಕಾದರೂ ಇರಬಹುದು. ನಾನು ಅಧಿಕಾರಿಯಲ್ಲ, ಸಹಾಯಕಿ. ಆದರೆ ಇಂಥ ವರದಿಗಳಲ್ಲಿ ಅಟೆಂಡರ್ ಹೇಳಿದ್ದೂ ಅಧಿಕಾರಿಗಳು ತಿಳಿಸಿದ್ದೇ ಆಗುತ್ತದೆ, ಅಂಥ ಸಾಲುಗಳನ್ನು ನಾನೇ ಬರೆದಿದ್ದೇನೆ.

ಇದೆಲ್ಲ ಕಳೆದು ಒಂದು ಸಂಜೆ, ಇನ್ನೂ ಬೆಳಕಿತ್ತು, ದುರ್ಗಿಗುಡಿಯ ಆ ಔಷಧದ ಅಂಗಡಿಯ ಮುಂದೆ ಹುಡುಗಿಯ ಅಪ್ಪನನ್ನು ಕಂಡೆ. ಅಂಗಡಿಯವರು ಮಗಳ ಛತ್ರಿ ಇನ್ನೂ ಇಲ್ಲೇ ಇದೆ ಎಂದು ಹೇಳಿಕಳಿಸಿದ್ದರಂತೆ. ಛತ್ರಿ ಅವರ ಕಂಕುಳಲ್ಲಿತ್ತು. ನನ್ನನ್ನು ಗುರುತು ಹಿಡಿದರು.

"ಕಮಿಟಿಗೆ ಮತ್ತೆ ಬರೆದ್ರಾ?" ಎಂದೆ.

"ಬರೆದೆ ಮೇಡಂ. ಸ್ವೀಕರಿಸಿದೆ ಅಂತ ಕಾರ್ಡ್ ಬಂತು." ಆಮೇಲೆ ಕೇಳಿದರು. "ಅವತ್ತು ಅಧ್ಯಕ್ಷರು ನಿಮ್ಮನ್ನ ಕೇಳಿದ್ರಲ್ಲ, ಏನ್ ಹೇಳಿದ್ರಿ ನೀವು? ನಾನು ಟೇಪ್ ಸುತ್ತಿಕೊಳ್ತಿದ್ದೆ, ಕೇಳಿಸ್ಲಿಲ್ಲ. ಒಂದು ಲಾರಿ ಬೇರೆ ಹೋಯ್ತು."

ನನ್ನ ನೆನಪಿನಲ್ಲಿ ಲಾರಿ ಇಲ್ಲ.

"ನೆನಪಿಲ್ಲ," ಎಂದೆ.

ಅವರು ನನ್ನ ಮುಖ ನೋಡಿದರು. ಕೋಪ ಕಾಣಲಿಲ್ಲ. ಬೆಸುಗೆಯನ್ನು ನೋಡಿದ ಹಾಗೆಯೇ ನೋಡಿದರು ಎಂದು ಬರೆಯಬೇಕೆನ್ನಿಸುತ್ತಿದೆ, ಅದೂ ಆಮೇಲೆ ಹೊಳೆದದ್ದು. "ಸರಿ ಮೇಡಂ," ಎಂದರು. "ನೆನಪಾದ್ರೆ ಒಂದು ಲೈನ್ ಬರ್ಕೊಡಿ." ಛತ್ರಿಯನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು ಬಸ್ ನಿಲ್ದಾಣದ ಕಡೆ ನಡೆದರು.

ಕಡತ ಈಗ ದಾಖಲೆ ಕೋಣೆಯಲ್ಲಿದೆ. ಬೇಕಾದರೆ ಒಂದು ಚೀಟಿ ಬರೆದು ತರಿಸಿಕೊಳ್ಳಬಹುದು, ಕಾರಣ ಎಂಬ ಕಡೆ ಏನಾದರೂ ತುಂಬಬೇಕು. ಚೀಟಿ ಬರೆದಿದ್ದೇನೆ. ಕಾರಣದ ಜಾಗ ಖಾಲಿಯಿದೆ. ಅದು ನನ್ನ ಡ್ರಾಯರಿನಲ್ಲಿ, ರಬ್ಬರಿನ ಪಕ್ಕದಲ್ಲಿದೆ.

ಅವತ್ತು ಬೆಳಿಗ್ಗೆ ಆ ಸೇತುವೆಗೆ ಕಂಬಿ ಇರಲಿಲ್ಲ. ಇದು ನನಗೆ ಗೊತ್ತು. ಬಂದದ್ದು ಆಮೇಲೆ, ಫೋನು ಎತ್ತಿದ್ದು ನಾನೇ. ಆ ಸಾಲನ್ನು ಇಲ್ಲಿ ಬರೆದಿದ್ದೇನೆ, ಸೀಲಿಲ್ಲದೆ, ಅವರಿಗೆ ಬೇಕಾದ ಕಾಗದದ ಮೇಲಲ್ಲ. ಅಂಚಿನ ಪೆನ್ಸಿಲ್ ಬರಹ ಉಳಿದಿದೆಯೋ, ನಾನೇ ಅಳಿಸಿದೆನೋ ಗೊತ್ತಿಲ್ಲ. ಅಧ್ಯಕ್ಷರು ಕೇಳಿದಾಗ ಏನು ಹೇಳಿದೆ ಎಂಬುದು ಗೊತ್ತಿಲ್ಲ. ಆ ಹುಡುಗಿ ನೀರಿಗೆ ಹೇಗೆ ಹೋದಳು ಎಂಬುದೂ ನನಗೆ ಗೊತ್ತಿಲ್ಲ.